ಮುಂದಿನ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ: ದೋಷ ಹುಡುಕುವ ಕ್ರಮ

ಕಾರಿನ ಪಕ್ಕದಲ್ಲಿ ನಿಂತು ನೋಡಿದರೆ ಮುಂದಿನ ಟೈರಿನ ಒಳ ಅಂಚು ಕಣ್ಣಿಗೆ ಬೀಳುವುದಿಲ್ಲ. ಹೊರ ಅಂಚೂ ನಡುಭಾಗವೂ ಚೆನ್ನಾಗಿ ಕಾಣುತ್ತವೆ, ತೋಡುಗಳು ಆಳವಾಗಿವೆ, ಇನ್ನೂ ಒಂದು ವರ್ಷ ಓಡುತ್ತದೆ ಎಂದುಕೊಂಡು ಸುಮ್ಮನಾಗುತ್ತೇವೆ. ನಾನೂ ಸುಮ್ಮನಿದ್ದೆ. ಪಂಕ್ಚರ್ ಹಾಕಿಸಲು ಎಡಗಡೆಯ ಮುಂದಿನ ಚಕ್ರ ಬಿಚ್ಚಿದ ದಿನ ಅದನ್ನು ಮಗುಚಿ ನೋಡಿದರೆ, ಒಳ ಅಂಚಿನಲ್ಲಿ ಎರಡು ಬೆರಳಗಲದ ಪಟ್ಟಿ ಪೂರ್ತಿ ಬೋಳಾಗಿತ್ತು. ಒಂದು ಕಡೆ ರಬ್ಬರಿನಿಂದ ಉಕ್ಕಿನ ತಂತಿ ಇಣುಕುತ್ತಿತ್ತು. ಟೈರಿಗೆ ಆಗಿನ್ನೂ 14,000 ಕಿಲೋಮೀಟರ್. ಹಿಂದಿನ ವಾರವಷ್ಟೇ ಮನೆಯವರನ್ನೆಲ್ಲ ಕೂರಿಸಿಕೊಂಡು ಅದೇ ಟೈರಿನ ಮೇಲೆ ಹೆದ್ದಾರಿಯಲ್ಲಿ ಹೋಗಿಬಂದಿದ್ದೆ. ಆ ದಿನದ ನಡುಕ ನನಗೆ ಇನ್ನೂ ನೆನಪಿದೆ.

ಆ ಅವಧಿಯಲ್ಲಿ ಎರಡು ಬಾರಿ ಚಕ್ರಗಳ ಕೋನ ಹೊಂದಿಸುವ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ಎರಡೂ ಸಲ ಯಂತ್ರದ ಪರದೆ ಎಲ್ಲವೂ ಸರಿ ಎಂದು ಹಸಿರು ತೋರಿಸಿತ್ತು. ಹಾಗಿದ್ದರೂ ಟೈರ್ ಸವೆಯಿತು. ಏಕೆ ಎಂದು ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಟೈರ್ ಸವೆದಿದೆ ಎಂದ ಕೂಡಲೇ ಹೊಸ ಟೈರ್ ಹಾಕಿಸಬೇಡಿ, ಅಲೈನ್‌ಮೆಂಟಿಗೂ ಓಡಬೇಡಿ. ಸವೆದ ಟೈರಿನಲ್ಲಿ ಕಾಯಿಲೆಯ ಗುರುತು ಅಚ್ಚಾಗಿರುತ್ತದೆ. ಅದನ್ನು ಓದುವ ಮೊದಲೇ ಟೈರನ್ನು ಎಸೆದರೆ ಹೊಸ ಟೈರಿಗೂ ಅದೇ ಗತಿ ಬರುತ್ತದೆ.

ಮೊದಲ ಕೆಲಸ: ಅಳೆದು ಬರೆದಿಡಿ

ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಸ್ಟೇರಿಂಗನ್ನು ಒಂದು ಕಡೆಗೆ ಕೊನೆಯವರೆಗೂ ತಿರುಗಿಸಿ. ಟೈರಿನ ಪೂರ್ತಿ ಮುಖ ಹೊರಬರುತ್ತದೆ. ಟಾರ್ಚ್ ಹಿಡಿದು ಒಳ ಅಂಚಿನವರೆಗೂ ನೋಡಿ. ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿ ಮತ್ತೊಂದು ಟೈರನ್ನೂ ಹಾಗೆಯೇ ನೋಡಿ.

ಟ್ರೆಡ್ (ಟೈರಿನ ನೆಲ ತಾಗುವ ತೋಡುಗಳ ಮುಖ) ಆಳ ಅಳೆಯುವ ಪುಟ್ಟ ಗೇಜ್ ಒಂದಿದ್ದರೆ ಸಾಕು. ಪ್ರತಿ ಟೈರಿನಲ್ಲಿ ಒಳಗೆ, ನಡುವೆ, ಹೊರಗೆ ಎಂದು ಮೂರು ತೋಡುಗಳ ಆಳ ತೆಗೆದುಕೊಳ್ಳಿ. ಚಕ್ರವನ್ನು ಸ್ವಲ್ಪ ಸ್ವಲ್ಪ ಉರುಳಿಸಿ, ಸುತ್ತಲೂ ಮೂರು ನಾಲ್ಕು ಜಾಗದಲ್ಲಿ ಇದನ್ನೇ ಮಾಡಿ. ಹೊಸ ಕಾರ್ ಟೈರಿನ ತೋಡು ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಆಳವಿರುತ್ತದೆ. ತೋಡಿನ ತಳದಲ್ಲಿ ಅಡ್ಡಲಾಗಿ ಇರುವ ಚಿಕ್ಕ ದಿಬ್ಬಗಳು 1.6 ಮಿಲಿಮೀಟರ್ ಎತ್ತರದವು. ಟ್ರೆಡ್ ಅವುಗಳ ಮಟ್ಟಕ್ಕೆ ಇಳಿದರೆ ಟೈರಿನ ಆಯುಷ್ಯ ಮುಗಿದಂತೆ. ಇದು ಇಡೀ ಟೈರಿಗೆ ಅನ್ವಯಿಸುವ ಮಾತು. ಒಂದೇ ಅಂಚು ಆ ಮಟ್ಟಕ್ಕೆ ಬಂದಿದ್ದರೂ ಟೈರ್ ಬದಲಿಸಲೇಬೇಕು, ಏಕೆಂದರೆ ಒದ್ದೆ ರಸ್ತೆಯಲ್ಲಿ ಆ ಅಂಚಿನಿಂದ ನೀರು ಹೊರಹೋಗುವ ದಾರಿಯೇ ಇರುವುದಿಲ್ಲ.

ನನ್ನ ಪುಸ್ತಕದಲ್ಲಿ ಆ ದಿನ ಬರೆದದ್ದು ಹೀಗಿದೆ. ಎಡ ಮುಂದು: ಹೊರಗೆ 5.6, ನಡುವೆ 5.2, ಒಳಗೆ ಸೊನ್ನೆ. ಬಲ ಮುಂದು: ಹೊರಗೆ 5.5, ನಡುವೆ 5.3, ಒಳಗೆ 4.4. ಬಲಗಡೆಯ ಒಳ ಅಂಚೂ ಸ್ವಲ್ಪ ಹೆಚ್ಚೇ ಸವೆದಿದೆ, ಆದರೆ ಎಡಗಡೆಯದು ಬೇರೆಯೇ ಕಥೆ. ಎರಡೂ ಟೈರ್ ಒಂದೇ ಸಮ ಸವೆದಿದ್ದರೆ ನಾನು ಹೊಂದಾಣಿಕೆಯನ್ನು ಅನುಮಾನಿಸುತ್ತಿದ್ದೆ. ಒಂದೇ ಬದಿಯಲ್ಲಿ ಹೀಗಾಗಿದೆ ಎಂದರೆ ಆ ಬದಿಯ ಯಾವುದೋ ಒಂದು ಭಾಗ ಕೆಟ್ಟಿದೆ ಅಥವಾ ಬಾಗಿದೆ ಎಂದು ಮೊದಲ ಅನುಮಾನ ಬರಬೇಕು. ಈ ಆರು ಸಂಖ್ಯೆಗಳನ್ನು ಮೊದಲೇ ಬರೆದಿಟ್ಟಿದ್ದರೆ ಎರಡು ಅಲೈನ್‌ಮೆಂಟಿನ ಹಣ ಉಳಿಯುತ್ತಿತ್ತು.

ಗಾಳಿಯನ್ನೂ ಅದೇ ಹೊತ್ತಿನಲ್ಲಿ ಅಳೆಯಿರಿ. ಟೈರ್ ತಣ್ಣಗಿರಬೇಕು, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಕೆಲವು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಎಷ್ಟು ಇರಬೇಕು ಎಂಬುದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಥವಾ ಇಂಧನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾದ ಸಂಖ್ಯೆ ಆ ಟೈರ್ ತಡೆಯಬಲ್ಲ ಗರಿಷ್ಠ ಮಿತಿ. ಅಷ್ಟು ಗಾಳಿ ತುಂಬಿಸುವವರು ಬಹಳ ಜನ ಇದ್ದಾರೆ, ಅದು ತಪ್ಪು.

ಸವೆತದ ರೂಪ ಏನು ಹೇಳುತ್ತದೆ

ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ. ನಡುಭಾಗ ಸವೆದು ಅಂಚುಗಳು ಉಳಿದಿದ್ದರೆ ಗಾಳಿ ಹೆಚ್ಚು. ಇವೆರಡರಲ್ಲಿ ಹುಡುಕುವಂಥದ್ದು ಏನೂ ಇಲ್ಲ. ಚೀಟಿಯಲ್ಲಿರುವಷ್ಟು ಗಾಳಿ ಹಾಕಿ, ತಿಂಗಳಿಗೊಮ್ಮೆಯಾದರೂ ನೋಡುತ್ತಿರಿ. ಒಂದೇ ಟೈರಿನಲ್ಲಿ ಗಾಳಿ ಪದೇ ಪದೇ ಇಳಿಯುತ್ತಿದ್ದರೆ ವಾಲ್ವ್, ರಿಮ್ಮಿನ ಅಂಚು, ಸಣ್ಣ ಮೊಳೆ ಈ ಮೂರನ್ನೂ ಪರೀಕ್ಷಿಸಿ.

ಒಂದೇ ಜಾಗದಲ್ಲಿ ಚಪ್ಪಟೆಯಾಗಿ ಸವೆದಿದ್ದರೆ ಅದು ಚಕ್ರ ಕಚ್ಚಿಕೊಳ್ಳುವಂತೆ ಬ್ರೇಕ್ ಹಾಕಿದ ಗುರುತು. ಹೊರ ಅಂಚು ಮಾತ್ರ ದುಂಡಗೆ ಸವೆದಿದ್ದರೆ, ವೇಗ ಇಳಿಸದೆ ತಿರುವು ತೆಗೆದುಕೊಳ್ಳುವ ಅಭ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಟೈರಿನ ಸುತ್ತ ಅಲ್ಲಲ್ಲಿ ತಗ್ಗು ದಿಣ್ಣೆಗಳಂತೆ, ಬೊಗಸೆಯಲ್ಲಿ ಕೆರೆದು ತೆಗೆದ ಹಾಗೆ ಸವೆದಿದ್ದರೆ ಚಕ್ರ ರಸ್ತೆಯ ಮೇಲೆ ನೆಲೆ ನಿಲ್ಲದೆ ಪುಟಿಯುತ್ತಿದೆ ಎಂದರ್ಥ. ಶಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು, ಚಕ್ರದ ಬ್ಯಾಲೆನ್ಸಿಂಗ್ ತಪ್ಪಿರಬಹುದು, ಬೇರಿಂಗ್ ಸಡಿಲವಾಗಿರಬಹುದು. ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಹಳೆಯ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪೂರ್ತಿ ಸತ್ತ ಶಾಕ್ ಅಬ್ಸಾರ್ಬರ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ, ಅರೆಜೀವದ್ದು ತಪ್ಪಿಸಿಕೊಳ್ಳುತ್ತದೆ. ಕೊಳವೆಯ ಮೇಲೆ ಎಣ್ಣೆ ಇಳಿದ ಗುರುತು ಇದೆಯೇ ನೋಡಿ. ತೆಳುವಾದ ತೇವಕ್ಕೆ ಹೆದರಬೇಕಿಲ್ಲ, ಧೂಳು ಮೆತ್ತಿಕೊಂಡು ಹರಿದ ಎಣ್ಣೆ ಇದ್ದರೆ ಅದರ ಕೆಲಸ ಮುಗಿದಿದೆ. ಹೀಗೆ ತಗ್ಗು ಬಿದ್ದ ಟೈರ್ ವೇಗ ಹೆಚ್ಚಿದಂತೆ ಗುಂಯ್ ಎಂದು ಸದ್ದು ಮಾಡುತ್ತದೆ. ಬೇರಿಂಗಿನ ಸದ್ದೂ ಇದನ್ನೇ ಹೋಲುತ್ತದೆ. ರಸ್ತೆಯ ಮೇಲ್ಮೈ ಬದಲಾದಾಗ ಸದ್ದಿನ ಸ್ವರ ಬದಲಾದರೆ ಅದು ಟೈರ್. ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಒಂದು ಕಡೆ ಜೋರಾಗಿ, ಇನ್ನೊಂದು ಕಡೆ ಕಡಿಮೆಯಾದರೆ ಬೇರಿಂಗ್.

ಇನ್ನು ಒಂದೇ ಅಂಚು ಸವೆಯುವ ವಿಚಾರ. ಇಲ್ಲಿ ಎರಡು ಕೋನಗಳ ಹೆಸರು ಕೇಳಿಬರುತ್ತದೆ, ಟೋ ಮತ್ತು ಕ್ಯಾಂಬರ್.

ಕಾರನ್ನು ಮೇಲಿನಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಎರಡು ಮುಂದಿನ ಚಕ್ರಗಳ ಮುಂಭಾಗ ಒಂದರ ಕಡೆಗೊಂದು ತಿರುಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ನಡೆಯುವಾಗ ಪಾದದ ಬೆರಳುಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಹಾಗೆ. ಕ್ಯಾಂಬರ್ ಎಂದರೆ ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವುದು. ಒಳಕ್ಕೆ ವಾಲಿದರೆ ನೆಗೆಟಿವ್, ಹೊರಕ್ಕೆ ವಾಲಿದರೆ ಪಾಸಿಟಿವ್.

ಒಳ ಅಂಚು ಸವೆದರೆ ಹೆಚ್ಚಿನವರು ಮೊದಲು ಕ್ಯಾಂಬರನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ಟೈರ್ ತಿನ್ನುವ ಮೊದಲ ಕಳ್ಳ ಟೋ. ಕ್ಯಾಂಬರ್ ತಪ್ಪಿದ ಚಕ್ರ ವಾಲಿಕೊಂಡಾದರೂ ತಾನು ಹೋಗುವ ದಿಕ್ಕಿನಲ್ಲೇ ಉರುಳುತ್ತದೆ. ಟೋ ತಪ್ಪಿದ ಚಕ್ರ ಉರುಳುತ್ತಲೇ ಪಕ್ಕಕ್ಕೂ ಉಜ್ಜಿಕೊಳ್ಳುತ್ತದೆ. ಲೆಕ್ಕ ಸರಳವಾಗಿದೆ. ಟೈರಿನ ವ್ಯಾಸ 600 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು ಟೋ 3 ಮಿಲಿಮೀಟರ್ ತಪ್ಪಿದರೆ ಒಂದೊಂದು ಚಕ್ರದ ಪಾಲಿಗೆ ಒಂದೂವರೆ ಮಿಲಿಮೀಟರ್. 600ಕ್ಕೆ ಒಂದೂವರೆ ಎಂದರೆ ಕಿಲೋಮೀಟರಿಗೆ ಎರಡೂವರೆ ಮೀಟರ್. ಹತ್ತು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಆ ಟೈರನ್ನು 25 ಕಿಲೋಮೀಟರ್ ದೂರ ಅಡ್ಡಡ್ಡ ಎಳೆದುಕೊಂಡು ಹೋದ ಹಾಗಾಯಿತು. ಕಣ್ಣಿಗೆ ಕಾಣದಷ್ಟು ಚಿಕ್ಕ ತಪ್ಪು ಟೈರನ್ನು ಬೋಳಿಸುವುದು ಹೀಗೆ.

ಟೋ ದೋಷವನ್ನು ಅಂಗೈ ಹೇಳುತ್ತದೆ. ತಂತಿ ಹೊರಬಂದಿರುವ ಜಾಗವನ್ನು ಮುಟ್ಟಬೇಡಿ, ಅದು ಕೈ ಕೊಯ್ಯುತ್ತದೆ. ಉಳಿದ ಟ್ರೆಡ್ಡಿನ ಮೇಲೆ ಅಂಗೈಯನ್ನು ಹೊರ ಅಂಚಿನಿಂದ ಒಳ ಅಂಚಿನ ಕಡೆಗೆ ಮೆಲ್ಲಗೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಬೆಕ್ಕಿನ ಮೈಯನ್ನು ಕೂದಲಿನ ದಿಕ್ಕಿಗೆ ಸವರಿದಂತೆ ಒಂದು ಕಡೆಗೆ ನುಣುಪು, ಎದುರು ದಿಕ್ಕಿಗೆ ಸವರಿದಂತೆ ಇನ್ನೊಂದು ಕಡೆಗೆ ಒರಟು ಅನ್ನಿಸಿದರೆ ಟೋ ತಪ್ಪಿದೆ. ಒಳಕ್ಕೆ ಸವರುವಾಗ ನುಣುಪಾಗಿ, ಹೊರಕ್ಕೆ ಸವರುವಾಗ ಗರಗಸದಂತೆ ಚುಚ್ಚಿದರೆ ಟೋ-ಇನ್ ಅತಿಯಾಗಿದೆ. ಒಳಕ್ಕೆ ಸವರುವಾಗ ಚುಚ್ಚಿದರೆ ಟೋ-ಔಟ್. ಕ್ಯಾಂಬರಿನಿಂದ ಮಾತ್ರ ಸವೆದ ಟೈರಿನಲ್ಲಿ ಹೀಗೆ ಗರಗಸದ ಹಲ್ಲು ಮೂಡುವುದಿಲ್ಲ. ಅಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇಳಿಜಾರಿನಂತೆ ನಯವಾದ ಸವೆತ ಇರುತ್ತದೆ. ನನ್ನ ಟೈರಿನಲ್ಲಿ ಒಳಕ್ಕೆ ಸವರಿದಾಗ ಸ್ಪಷ್ಟವಾಗಿ ಚುಚ್ಚಿತು. ಟೋ-ಔಟ್ ಎಂದು ಟೈರ್ ಹೇಳುತ್ತಿತ್ತು, ಟೋ ಸರಿಯಿದೆ ಎಂದು ಯಂತ್ರದ ವರದಿ ಹೇಳುತ್ತಿತ್ತು. ಎರಡೂ ನಿಜವಾಗಿದ್ದವು.

ಸಡಿಲ ಹುಡುಕುವುದು

ಅಲೈನ್‌ಮೆಂಟಿಗೆ ಹೋಗುವ ಮೊದಲು ಸಡಿಲವಾದ ಭಾಗಗಳನ್ನು ಹುಡುಕಿ ಬದಲಿಸಬೇಕು. ಈ ಕ್ರಮ ತಿರುಗುಮುರುಗಾದರೆ ಮಾಡಿದ ಖರ್ಚು ನೀರಿನ ಪಾಲು.

ಹಿಂದಿನ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಜ್ಯಾಕ್ ಇಡಲು ತಯಾರಕರು ಗುರುತಿಸಿದ ಜಾಗದಲ್ಲೇ ಜ್ಯಾಕ್ ಇಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ. ಕಾರಿನ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆಯಾಗಲಿ ಕೈಯಾಗಲಿ ಹಾಕಬೇಡಿ.

ಚಕ್ರವನ್ನು ಗಡಿಯಾರದ ಮುಖ ಎಂದುಕೊಂಡು 9 ಮತ್ತು 3ರ ಜಾಗದಲ್ಲಿ ಎರಡು ಕೈಯಿಂದ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಟಕ್ ಟಕ್ ಎಂದರೆ ಟೈ ರಾಡ್ (ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ಎಂಡ್ ಅಥವಾ ಸ್ಟೇರಿಂಗ್ ರ್‍ಯಾಕಿನ ಒಳಗಿನ ಬಾಲ್ ಜಾಯಿಂಟ್ (ಚೆಂಡಿನಂತೆ ತಿರುಗುವ ಕೀಲು) ಸವೆದಿದೆ. ಯಾವುದು ಎಂದು ತಿಳಿಯಲು ಒಬ್ಬರು ಚಕ್ರ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಒಂದೊಂದು ಜಾಯಿಂಟಿನ ಮೇಲೂ ಬೆರಳಿಡಬೇಕು. ಸಡಿಲವಾದ ಜಾಯಿಂಟ್ ಬೆರಳಿಗೆ ತಟ್ಟುತ್ತದೆ. ಈಗ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಆಟ ಸಿಕ್ಕರೆ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್. ಯಾರನ್ನಾದರೂ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಬೇರಿಂಗ್, ಹಾಗೆಯೇ ಉಳಿದರೆ ಬಾಲ್ ಜಾಯಿಂಟ್ ಎಂದು ಬಹುತೇಕ ನಿರ್ಧರಿಸಬಹುದು. ಸ್ಪ್ರಿಂಗ್ ಕೆಳಗಿನ ಆರ್ಮಿನ ಮೇಲೆ ಕೂತಿರುವ ಕಾರುಗಳಲ್ಲಿ ಮಾತ್ರ ಜ್ಯಾಕನ್ನು ಆ ಆರ್ಮಿನ ಕೆಳಗೆ ಕೊಟ್ಟು ಪರೀಕ್ಷಿಸಬೇಕು. ಇಲ್ಲದಿದ್ದರೆ ಸ್ಪ್ರಿಂಗಿನ ಬಿಗಿತವೇ ಬಾಲ್ ಜಾಯಿಂಟಿನ ಆಟವನ್ನು ಮುಚ್ಚಿಡುತ್ತದೆ.

ನನ್ನ ಕಾರಿನಲ್ಲಿ ಇವೆಲ್ಲವೂ ಬಿಗಿಯಾಗಿದ್ದವು. ನಾನು ದಾರಿ ತಪ್ಪಿದ್ದು ಇಲ್ಲಿಯೇ. ಎಲ್ಲಿಯೂ ಸಡಿಲವಿಲ್ಲ ಎಂದು ತೀರ್ಮಾನಿಸಿ ಮತ್ತೆ ಅಲೈನ್‌ಮೆಂಟ್ ಮಾಡಿಸಿಬಿಟ್ಟೆ.

ನಿಂತ ಕಾರಿನಲ್ಲಿ ಕಾಣದ ದೋಷ

ಈಗಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವುದು ಲೋವರ್ ಆರ್ಮ್. ಅದರ ಹೊರತುದಿಯಲ್ಲಿ ಬಾಲ್ ಜಾಯಿಂಟ್ ಇದೆ, ಒಳತುದಿಯಲ್ಲಿ ಎರಡು ರಬ್ಬರ್ ಬುಷ್‌ಗಳಿವೆ. ಸಾಮಾನ್ಯವಾಗಿ ಮುಂದಿನ ಬುಷ್ ಚಿಕ್ಕದು, ಹಿಂದಿನದು ದಪ್ಪ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ತಳ್ಳಲ್ಪಡುತ್ತದೆ. ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಅದೇ ಚಕ್ರ ಮುಂದಕ್ಕೆ ಎಳೆಯುತ್ತದೆ. ಈ ಹಿಂದೆಮುಂದಿನ ಎಳೆದಾಟವನ್ನೆಲ್ಲ ನುಂಗಿಕೊಳ್ಳುವುದು ಆ ದಪ್ಪ ಬುಷ್. ಅದರ ರಬ್ಬರ್ ಹರಿದರೆ ಆರ್ಮ್ ಹಿಂದಕ್ಕೂ ಮುಂದಕ್ಕೂ ಜಾರತೊಡಗುತ್ತದೆ. ಟೈ ರಾಡ್ ಮಾತ್ರ ತನ್ನ ಜಾಗ ಬಿಡುವುದಿಲ್ಲ. ಚಕ್ರದ ಬುಡ ಸರಿದು ಟೈ ರಾಡ್ ಹಿಡಿದ ತುದಿ ಅಲ್ಲೇ ಉಳಿದಾಗ ಚಕ್ರದ ಮುಖ ತಿರುಗುತ್ತದೆ, ಅಂದರೆ ಟೋ ಬದಲಾಗುತ್ತದೆ. ನನ್ನ ಕಾರಿನಲ್ಲಿ ಪ್ರತಿ ಬ್ರೇಕಿಗೂ ಎಡ ಚಕ್ರ ಹೊರಮುಖವಾಗುತ್ತಿತ್ತು.

ಅಲೈನ್‌ಮೆಂಟ್ ಯಂತ್ರದ ಮೇಲೆ ಕಾರು ನಿಂತಿರುತ್ತದೆ. ಬುಷ್ ಮೇಲೆ ಬ್ರೇಕಿನ ಹೊರೆ ಇಲ್ಲ, ಎಂಜಿನ್ನಿನ ಹೊರೆಯೂ ಇಲ್ಲ. ಹರಿದ ರಬ್ಬರ್ ಕೂಡ ಆರ್ಮನ್ನು ಸರಿಯಾದ ಜಾಗದಲ್ಲೇ ಹಿಡಿದಿರುತ್ತದೆ. ಯಂತ್ರ ಆ ಕ್ಷಣದ ಸತ್ಯವನ್ನು ಹೇಳುತ್ತದೆ. ರಸ್ತೆಯ ಸತ್ಯ ಬೇರೆ.

ಇದನ್ನು ಪತ್ತೆ ಹಚ್ಚಿದ ರೀತಿ ತೀರಾ ಸರಳ. ವಾಹನ ಸಂಚಾರವೇ ಇಲ್ಲದ ಬಯಲಿನಲ್ಲಿ ಮೊಬೈಲನ್ನು ನೆಲದ ಮೇಲೆ ಒಂದು ಇಟ್ಟಿಗೆಗೆ ಒರಗಿಸಿ, ಕಾರು ಹೋಗುವ ದಾರಿಯಿಂದ ಸಾಕಷ್ಟು ದೂರದಲ್ಲಿ ಇಟ್ಟು ವಿಡಿಯೊ ಹಾಕಿದೆ. ಚಕ್ರ ಮೊಬೈಲಿನ ಎದುರಿಗೆ ಬಂದು ನಿಲ್ಲುವ ಹಾಗೆ, ನಡಿಗೆಯ ವೇಗದಲ್ಲಿ ಬಂದು ಗಟ್ಟಿಯಾಗಿ ಬ್ರೇಕ್ ಹಾಕಿದೆ. ಬಲಗಡೆಯದ್ದನ್ನು ಒಮ್ಮೆ, ಎಡಗಡೆಯದ್ದನ್ನು ಒಮ್ಮೆ ತೆಗೆದೆ. ಆಮೇಲೆ ನಿಧಾನಗತಿಯಲ್ಲಿ ಓಡಿಸಿ ನೋಡಿದರೆ, ಬಲ ಚಕ್ರ ಮಡ್‌ಗಾರ್ಡಿನ ಕಮಾನಿನ ನಡುವೆ ಇದ್ದಲ್ಲೇ ನಿಂತಿತು. ಎಡ ಚಕ್ರ ನಿಲ್ಲುವ ಕ್ಷಣದಲ್ಲಿ ಕಮಾನಿನ ಹಿಂಬದಿಗೆ ಹೆಬ್ಬೆರಳಿನಷ್ಟು ಜಾರಿ, ಕಾರು ನಿಂತ ಮೇಲೆ ಮೆಲ್ಲಗೆ ಮತ್ತೆ ಮುಂದಕ್ಕೆ ಬಂತು. ಟಕ್ ಎಂಬ ಒಂದು ಮಂದ ಸದ್ದೂ ಕೇಳಿಸಿತು. ಬ್ರೇಕ್ ಹಾಕುವಾಗಲೆಲ್ಲ ಆ ಸದ್ದು ಹಿಂದೆಯೂ ಕೇಳುತ್ತಿತ್ತು, ಡಿಕ್ಕಿಯಲ್ಲಿರುವ ಸಾಮಾನು ಎಂದುಕೊಂಡಿದ್ದೆ.

ಖಚಿತ ಮಾಡಿಕೊಳ್ಳಲು ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಲೋವರ್ ಆರ್ಮ್ ಮತ್ತು ಅದನ್ನು ಹಿಡಿದಿರುವ ಚೌಕಟ್ಟಾದ ಸಬ್‌ಫ್ರೇಮ್ ನಡುವೆ ಉದ್ದದ ಹಾರೆಯಂಥ ಸರಳನ್ನು ತೂರಿಸಿ ಮೀಟಿದೆವು. ಒಳ್ಳೆಯ ಬುಷ್ ಕೂಡ ಸ್ವಲ್ಪ ಬಾಗುತ್ತದೆ, ಅದು ರಬ್ಬರ್ ತಾನೇ. ಹಾಗಾಗಿ ಒಂದು ಬದಿಯನ್ನು ಇನ್ನೊಂದು ಬದಿಗೆ ಹೋಲಿಸಿಯೇ ನೋಡಬೇಕು. ಬಲಗಡೆ ಬಿಗಿಯಾಗಿ ಬಾಗಿ ತಿರುಗಿ ಬಂತು. ಎಡಗಡೆ ಮೀಟಿದಾಗ ರಬ್ಬರ್ ತನ್ನ ಸುತ್ತಲಿನ ಲೋಹದ ಬಳೆಯಿಂದ ಪೂರ್ತಿ ಬಿಟ್ಟುಕೊಂಡು, ನಡುವೆ ಬೆಳಕು ಕಾಣುವಷ್ಟು ಬಾಯಿ ತೆರೆಯಿತು. ಸುಮ್ಮನೆ ಕೆಳಗಿನಿಂದ ಕಣ್ಣಾಡಿಸಿದ್ದರೆ ಧೂಳು ಮೆತ್ತಿದ ಆ ಬಿರುಕು ಯಾರಿಗೂ ಕಾಣುತ್ತಿರಲಿಲ್ಲ.

ಬುಷ್ ಬದಲಿಸುವವರು ಒಂದು ವಿಷಯದಲ್ಲಿ ಕಡ್ಡಾಯವಾಗಿ ಎಚ್ಚರ ವಹಿಸಬೇಕು. ಆರ್ಮಿನ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಕೊನೆಯ ಬಿಗಿತಕ್ಕೆ ತರಬಾರದು. ಹಾಗೆ ಬಿಗಿದರೆ ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ಕಾರು ನಿಂತಿರುವಾಗಲೂ ಅದೇ ತಿರುಚಿನಲ್ಲಿ ಇರುತ್ತದೆ, ಬೇಗ ಹರಿಯುತ್ತದೆ. ಮೊದಲು ಕೈಬಿಗಿಯಾಗಿ ಹಾಕಿ, ಚಕ್ರದ ಮೇಲೆ ಕಾರಿನ ಪೂರ್ತಿ ಭಾರ ಬಿಟ್ಟ ಮೇಲೆ, ತಯಾರಕರು ಹೇಳಿದ ಟಾರ್ಕಿಗೆ ಬಿಗಿಯಬೇಕು. ಹೊಸ ಬುಷ್ ವರ್ಷದೊಳಗೆ ಹೋಯಿತು ಎಂಬ ದೂರುಗಳಲ್ಲಿ ಹಲವು ಹೀಗೆ ಬಿಗಿದದ್ದರ ಫಲ ಎಂಬುದು ನನ್ನ ನಂಬಿಕೆ. ಕೆಲಸ ನಡೆಯುವಾಗ ಹತ್ತಿರ ನಿಂತು ಇದೊಂದನ್ನು ಕೇಳಿಕೊಳ್ಳಿ. ನಾನು ಎರಡೂ ಬದಿಯ ಬುಷ್ ಬದಲಿಸಿದೆ, ಏಕೆಂದರೆ ಬಲಗಡೆಯದಕ್ಕೂ ಅಷ್ಟೇ ವಯಸ್ಸಾಗಿತ್ತು.

ಅಲೈನ್‌ಮೆಂಟ್ ಮತ್ತು ಅದರ ವರದಿ

ಸಡಿಲವೆಲ್ಲ ಹೋದ ಮೇಲೆ ಅಲೈನ್‌ಮೆಂಟ್. ಯಂತ್ರದ ಮೇಲೆ ಹತ್ತಿಸುವ ಮೊದಲು ನಾಲ್ಕೂ ಟೈರಿನ ಗಾಳಿ ಸರಿಪಡಿಸಿ, ಡಿಕ್ಕಿಯ ಭಾರ ಇಳಿಸಿ. ಪರದೆಯಲ್ಲಿ ಆಯ್ದ ಕಾರಿನ ಮಾದರಿ ನಿಮ್ಮದೇ ಹೌದೇ ಎಂದು ಕಣ್ಣಾರೆ ನೋಡಿ. ಹೊಂದಿಸುವ ಮೊದಲಿನ ಮತ್ತು ನಂತರದ ಎರಡೂ ಅಳತೆಗಳಿರುವ ಮುದ್ರಿತ ವರದಿ ಕೇಳಿ ಪಡೆಯಿರಿ. ಮೊದಲಿನ ಅಳತೆಯೇ ದೋಷ ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ.

ಹಸಿರು ಬಣ್ಣಕ್ಕೆ ಸಮಾಧಾನಪಟ್ಟುಕೊಳ್ಳಬೇಡಿ. ತಯಾರಕರು ಕೊಡುವ ಮಿತಿ ಅಗಲವಾಗಿರುತ್ತದೆ. ಎಡಗಡೆ ಕ್ಯಾಂಬರ್ ಮಿತಿಯ ಒಂದು ತುದಿಯಲ್ಲಿ, ಬಲಗಡೆ ಇನ್ನೊಂದು ತುದಿಯಲ್ಲಿ ಇದ್ದರೂ ಎರಡೂ ಹಸಿರೇ. ಎಡ ಬಲಗಳ ನಡುವೆ ಕ್ಯಾಂಬರ್ ವ್ಯತ್ಯಾಸ ಅರ್ಧ ಡಿಗ್ರಿ ಮೀರಿದ್ದರೆ ಕಾರಣ ಕೇಳಿ. ಓದುವಾಗ ಇನ್ನೊಂದು ಗೊಂದಲವಾಗುತ್ತದೆ. ಕೆಲವು ಯಂತ್ರಗಳು ಕೋನವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ತೋರಿಸುತ್ತವೆ, ಕೆಲವು ದಶಮಾಂಶದಲ್ಲಿ. 0 ಡಿಗ್ರಿ 30 ನಿಮಿಷ ಎಂದರೆ 0.5 ಡಿಗ್ರಿ, 0.30 ಡಿಗ್ರಿ ಆಗುವುದಿಲ್ಲ. ಎರಡು ಬೇರೆ ಕಡೆಯ ವರದಿಗಳನ್ನು ಹೋಲಿಸುವಾಗ ಇದನ್ನು ಮರೆತರೆ ಇಲ್ಲದ ದೋಷ ಕಾಣಿಸುತ್ತದೆ.

ಟೋ ಹೊಂದಿಸುವುದು ಟೈ ರಾಡನ್ನು ತಿರುಗಿಸಿ. ಕಾಲು ಸುತ್ತು ತಿರುಗಿದರೂ ಅಳತೆ ಗಮನಕ್ಕೆ ಬರುವಷ್ಟು ಬದಲಾಗುತ್ತದೆ. ಎರಡೂ ಬದಿಯನ್ನು ಹೊಂದಿಸದೆ ಒಂದೇ ಕಡೆ ತಿರುಗಿಸಿ ಮುಗಿಸಿದರೆ ಟೋ ಸರಿಯಾದರೂ ನೇರ ರಸ್ತೆಯಲ್ಲಿ ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ. ಕೊನೆಯಲ್ಲಿ ಲಾಕ್ ನಟ್ ಬಿಗಿದಿದ್ದಾರೆಯೇ, ರಬ್ಬರ್ ಬೂಟ್ ತಿರುಚಿಕೊಂಡಿಲ್ಲವೇ ನೋಡಿ. ಅಂದ ಹಾಗೆ, ಬ್ಯಾಲೆನ್ಸಿಂಗ್ ಮಾಡಿಸಿದರೆ ಅಂಚಿನ ಸವೆತ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಬ್ಯಾಲೆನ್ಸಿಂಗ್ ಚಕ್ರದ ತೂಕದ ಹಂಚಿಕೆಯನ್ನು ಸರಿಪಡಿಸುತ್ತದೆ, ವೇಗದಲ್ಲಿ ಸ್ಟೇರಿಂಗ್ ನಡುಗುವುದನ್ನು ನಿಲ್ಲಿಸುತ್ತದೆ. ಕೋನಗಳಿಗೂ ಅದಕ್ಕೂ ಸಂಬಂಧವಿಲ್ಲ.

ಯಂತ್ರ ಹತ್ತಿರದಲ್ಲಿ ಇಲ್ಲದವರು ದೊಡ್ಡ ತಪ್ಪನ್ನಾದರೂ ಅಳತೆ ಪಟ್ಟಿಯಲ್ಲಿ ಹಿಡಿಯಬಹುದು. ಸ್ಟೇರಿಂಗ್ ನೇರವಿಟ್ಟು ಕಾರನ್ನು ಮೂರು ನಾಲ್ಕು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಎರಡೂ ಮುಂದಿನ ಟೈರಿನ ಹಿಂಬದಿಯಲ್ಲಿ, ಒಂದೇ ಎತ್ತರದಲ್ಲಿ, ನಡು ಟ್ರೆಡ್ಡಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಅವುಗಳ ನಡುವಿನ ಅಂತರ ಅಳೆಯಿರಿ. ಅದೇ ಗುರುತುಗಳು ಮುಂಬದಿಯಲ್ಲಿ ಅದೇ ಎತ್ತರಕ್ಕೆ ಬರುವವರೆಗೆ ಕಾರನ್ನು ಮುಂದಕ್ಕೆ ಉರುಳಿಸಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಕಡಿಮೆಯಿದ್ದರೆ ಟೋ-ಇನ್, ಹೆಚ್ಚಿದ್ದರೆ ಟೋ-ಔಟ್. ಇದರಲ್ಲಿ ಒಂದೆರಡು ಮಿಲಿಮೀಟರ್ ತಪ್ಪು ನುಸುಳುತ್ತದೆ. ಆದ್ದರಿಂದ ಇದನ್ನು ನಂಬಿ ಟೈ ರಾಡ್ ತಿರುಗಿಸಲು ಹೋಗಬೇಡಿ, ಯಂತ್ರದವರೆಗೆ ಹೋಗಬೇಕೇ ಬೇಡವೇ ಎಂದು ನಿರ್ಧರಿಸಲು ಮಾತ್ರ ಬಳಸಿ.

ಕ್ಯಾಂಬರ್ ಹೊಂದದಿದ್ದರೆ

ಹಲವು ಕಾರುಗಳ ಮುಂದಿನ ಕ್ಯಾಂಬರ್ ಹೊಂದಿಸಲು ಬರುವುದೇ ಇಲ್ಲ. ಅದು ಮಿತಿ ಮೀರಿದೆ ಎಂದರೆ ಏನೋ ಬಾಗಿದೆ ಅಥವಾ ಕುಸಿದಿದೆ. ಮೊದಲು ಎರಡೂ ಬದಿಯಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಕಮಾನಿನವರೆಗಿನ ಎತ್ತರ ಅಳೆಯಿರಿ. ಒಂದು ಬದಿ ಗಣನೀಯವಾಗಿ ತಗ್ಗಿದ್ದರೆ ಸ್ಪ್ರಿಂಗ್ ಕುಸಿದಿದೆ ಅಥವಾ ಮುರಿದಿದೆ. ಕಾರನ್ನು ತಗ್ಗಿಸಲು ಚಿಕ್ಕ ಸ್ಪ್ರಿಂಗ್ ಹಾಕಿಸಿದವರಿಗೆ ನೆಗೆಟಿವ್ ಕ್ಯಾಂಬರ್ ಹೆಚ್ಚುವುದರ ಜೊತೆಗೆ ಟೋ ಕೂಡ ಬದಲಾಗಿರುತ್ತದೆ.

ಎತ್ತರ ಸರಿಯಿದ್ದು ಕ್ಯಾಂಬರ್ ತಪ್ಪಿದ್ದರೆ, ಹಿಂದೆ ಯಾವುದಾದರೂ ಗುಂಡಿಗೋ ರಸ್ತೆಯಂಚಿನ ಕಲ್ಲಿಗೋ ಜೋರಾಗಿ ಬಡಿದಿತ್ತೇ ನೆನಪಿಸಿಕೊಳ್ಳಿ. ವರದಿಯಲ್ಲಿ ಎಸ್‌ಎಐ (ಎದುರಿನಿಂದ ನೋಡಿದಾಗ, ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುವ ಅಕ್ಷ ಒಳಕ್ಕೆ ವಾಲಿರುವ ಪ್ರಮಾಣ) ಎಂಬ ಕೋನ ಇದ್ದರೆ ಅದನ್ನು ಕ್ಯಾಂಬರಿಗೆ ಕೂಡಿಸಿ ಎಡ ಬಲಗಳನ್ನು ಹೋಲಿಸಿ. ಕ್ಯಾಂಬರ್ ನೆಗೆಟಿವ್ ಇದ್ದರೆ ಕೂಡಿಸುವ ಬದಲು ಕಳೆಯಬೇಕು. ಮೊತ್ತ ಎರಡೂ ಬದಿಗೆ ಒಂದೇ ಬಂದರೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಮತ್ತು ನಕಲ್ (ಚಕ್ರ ಕೂರುವ ಲೋಹದ ಭಾಗ) ಸರಿಯಿವೆ, ಸಬ್‌ಫ್ರೇಮ್ ಸರಿದಿರಬಹುದು, ಲೋವರ್ ಆರ್ಮ್ ಬಾಗಿರಬಹುದು ಅಥವಾ ಸ್ಟ್ರಟ್ ಕೂರುವ ಬಾಡಿಯ ಭಾಗ ಜರುಗಿರಬಹುದು. ಮೊತ್ತವೇ ಬೇರೆ ಬೇರೆಯಾದರೆ ಸ್ಟ್ರಟ್ ಅಥವಾ ನಕಲ್ ಬಾಗಿದೆ. ಬಾಗಿದ ನಕಲನ್ನು ಬಿಸಿ ಮಾಡಿ ಬಡಿದು ನೇರ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಚಕ್ರ, ಬ್ರೇಕ್, ಸ್ಟೇರಿಂಗ್ ಮೂರನ್ನೂ ಹೊತ್ತಿರುವ ಭಾಗ ಅದು. ಬದಲಿಸುವುದೊಂದೇ ದಾರಿ.

ಟೈರನ್ನು ಏನು ಮಾಡುವುದು

ತಂತಿ ಕಂಡ ಟೈರಿನಲ್ಲಿ ಇನ್ನೊಂದು ಕಿಲೋಮೀಟರ್ ಕೂಡ ಬೇಡ, ಸ್ಟೆಪ್ನಿ ಹಾಕಿಕೊಂಡು ಹೋಗಿ. ಅಂಚು ಸ್ವಲ್ಪ ಸವೆದು ಎಲ್ಲೆಡೆ ಇನ್ನೂ ಸಾಕಷ್ಟು ಆಳವಿದ್ದರೆ, ದೋಷ ಸರಿಯಾದ ಮೇಲೆ ಹಿಂದಕ್ಕೆ ಹಾಕಬಹುದು. ದೋಷ ಹುಡುಕುವ ಮೊದಲೇ ಟೈರುಗಳನ್ನು ಹಿಂದೆಮುಂದೆ ಮಾಡಿದರೆ ಸವೆತ ನಾಲ್ಕೂ ಟೈರಿಗೆ ಹಂಚಿಹೋಗಿ ಕಾಯಿಲೆಯ ಗುರುತೇ ಅಳಿಸುತ್ತದೆ. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳ ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ, ಅವುಗಳನ್ನು ಅದೇ ಬದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಮಾತ್ರ ಬದಲಿಸಿ. ಮುಂದಿನ ಎರಡು ಟೈರುಗಳು ಯಾವಾಗಲೂ ಒಂದೇ ಅಳತೆಯ, ಒಂದೇ ವಿನ್ಯಾಸದ ಜೋಡಿಯಾಗಿರಲಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯ ತಯಾರಿಕೆ ಸಂಖ್ಯೆಯನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ದುರಸ್ತಿಯಾದ ಮೇಲೆ ಗೇಜನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಹೊಸ ಟೈರ್ ಹಾಕಿದ ದಿನವೇ ಮೂರು ಜಾಗದ ಆಳ ಬರೆದುಕೊಳ್ಳಿ. 1,000 ಕಿಲೋಮೀಟರಿಗೆ ಅಂಗೈಯಿಂದ ಸವರಿ ನೋಡಿ. ಟೋ ಇನ್ನೂ ತಪ್ಪಿದ್ದರೆ ಗೇಜಿಗೆ ಕಾಣುವ ಮೊದಲೇ ಗರಗಸದ ಹಲ್ಲು ಕೈಗೆ ಸಿಗುತ್ತದೆ. 4,000 ಕಿಲೋಮೀಟರಿಗೆ ಮತ್ತೆ ಅಳೆಯಿರಿ. ಒಳ ಹೊರ ಅಂಚುಗಳ ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ದುರಸ್ತಿ ಹಿಡಿದಿದೆ. ಹೆಚ್ಚಿದ್ದರೆ ಸಡಿಲ ಹುಡುಕುವ ಹಂತಕ್ಕೆ ವಾಪಸು ಹೋಗಿ. ಬುಷ್ ಬದಲಿಸಿ 4,000 ಕಿಲೋಮೀಟರ್ ಆದ ದಿನ ನನ್ನ ಪುಸ್ತಕದಲ್ಲಿ ಎಡ ಮುಂದಿನ ಟೈರಿಗೆ ಹೊರಗೆ 7.2, ನಡುವೆ 7.1, ಒಳಗೆ 7.0 ಎಂದು ಬರೆದಿದೆ. ಬ್ರೇಕ್ ಹಾಕಿದಾಗ ಬರುತ್ತಿದ್ದ ಟಕ್ ಸದ್ದೂ ನಿಂತಿದೆ.